ಮಡ್ಡಿಯ ಮೇಲಿನ ನೀಲಿ ಚುಕ್ಕೆ

ಆ ದಿನ ಸುಡುಬಿಸಿಲಿತ್ತು ಎಂದು ಬರೆದು ಹೊಡೆದುಹಾಕಿದೆ. ಬಿಸಿಲಿತ್ತೆಂದೇ ನನ್ನ ನೆನಪು; ಜೀಪಿನ ಬಾಗಿಲು ಮುಟ್ಟಿ ಕೈ ಚುರ್ರೆಂದದ್ದೂ ನೆನಪಿದೆ. ಆದರೆ ಇದನ್ನು ಬರೆಯಲು ಕೂತಾಗ ಅನುಮಾನ ಬಂದು, ಆಗ ನಮ್ಮ ಜೀಪು ಓಡಿಸುತ್ತಿದ್ದ ಚಾಲಕರಿಗೆ ಫೋನು ಮಾಡಿದೆ.

"ಬಿಸಲ ಎಲ್ಲಿತ್ರಿ ಮೇಡಂ? ಮ್ವಾಡ ಮುಚ್ಚಿತ್ತು. ಗಾಳಿಗೆ ನಿಮ್ಮ ಕಾಗದ ಹಾರಿ ದ್ರಾಕ್ಷಿ ತ್ವಾಟದಾಗ ಹೋಗಿ ಬಿತ್ತು. ನಾನ ಹುಡುಕಿ ತಂದೇನಿ," ಎಂದರು.

ಕಾಗದ ಹಾರಿದ್ದು ನನಗೆ ಸ್ವಲ್ಪವೂ ನೆನಪಿಲ್ಲ. ಅವರು ಬೇರೆ ಯಾವುದೋ ಊರಿನ ಗಾಳಿಯನ್ನು ಇಲ್ಲಿಗೆ ತಂದಿರಬಹುದು. ನಾನೂ ಬೇರೆ ಊರಿನ ಬಿಸಿಲನ್ನು ತಂದಿರಬಹುದು. ಆದ್ದರಿಂದ ಹವೆ ಹೇಗಿತ್ತೆಂಬುದನ್ನು ಖಾಲಿ ಬಿಟ್ಟು ಮುಂದೆ ಹೋಗುತ್ತೇನೆ.

ನನ್ನ ಕೆಲಸ ನಕಾಶೆ ಮಾಡುವುದು. ಚಿಕ್ಕೋಡಿಯಲ್ಲಿ ರಸಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಕೋಣೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಮಣ್ಣು, ಕಲ್ಲು, ಮಳೆ, ಬಾವಿ, ಬೋರು ಎಲ್ಲವನ್ನೂ ಒಂದರ ಮೇಲೊಂದು ಹಾಸಿ, ನೆಲದೊಳಗೆ ನೀರು ಎಲ್ಲಿ ಎಷ್ಟಿದೆ ಎಂದು ಬಣ್ಣದಲ್ಲಿ ತೋರಿಸಬೇಕಿತ್ತು. ನೀರಿದ್ದಲ್ಲಿ ನೀಲಿ, ಇಲ್ಲದಲ್ಲಿ ಕೆಂಪು. ಆ ಬಣ್ಣ ನೋಡಿ ಮೇಲಿನವರು ಯಾವ ಊರಿಗೆ ಏನು ಕೊಡಬೇಕೆಂದು ನಿರ್ಧರಿಸುತ್ತಿದ್ದರು.

ನಕಾಶೆಯ ಚೌಕಟ್ಟು ಕರಾವಳಿಯಿಂದ ಬಂದದ್ದು. ಅಲ್ಲಿನ ಕೆಲಸಕ್ಕೆ ತಯಾರಿಸಿದ್ದನ್ನೇ ನಮಗೂ ಕಳಿಸಿದ್ದರು. ಹಾಗಾಗಿ ಬಣ್ಣಗಳ ವಿವರಣೆಯಲ್ಲಿ 'ಉಬ್ಬರವಿಳಿತದ ಗೆರೆ' ಎಂಬ ಸಾಲು ಉಳಿದುಕೊಂಡಿತ್ತು. ಅದನ್ನು ಕಿತ್ತರೆ ಉಳಿದ ಸಾಲುಗಳೆಲ್ಲ ಜಾಗ ಬದಲಿಸುತ್ತಿದ್ದವು, ಬಿಟ್ಟೆವು. ನಿಪ್ಪಾಣಿ ಕಡೆಯವರಾದ ನಮ್ಮ ಚಾಲಕರು ಒಮ್ಮೆ ಚಹಾ ಕುಡಿಯುತ್ತ ಕಂಪ್ಯೂಟರಿನ ತೆರೆಯ ಮೇಲೆ ಅದನ್ನು ಓದಿದರು.

"ಇದೇನ್ರಿ ಮೇಡಂ?"

"ಸಮುದ್ರದ ನೀರ ಎಲ್ಲಿತನಕ ಬರತೈತಿ ಅಂತ ತೋರ್ಸೂದು."

"ನಮ್ಮ ನಿಪ್ಪಾಣಿತನಕ ಬಂದ್ರ ಮದಲ ಹೇಳ್ರಿ. ತಂಬಾಕ ಬಿಟ್ಟ ಮೀನಾ ಹಿಡಿಯೂದ ಕಲೀತೇವಿ."

ಈ ಮಾತು ಆಗ ನಡೆಯಿತೋ, ಬಹಳ ಮುಂಚೆಯೋ ಗೊತ್ತಿಲ್ಲ. ಮುಂದೆ ಬರುವುದಕ್ಕೆ ಹೊಂದುತ್ತದೆ ಎಂದು ನನ್ನ ತಲೆಯೇ ಇದನ್ನು ಇಲ್ಲಿ ತಂದಿಟ್ಟಿರಬಹುದು.

ನಮ್ಮ ಕಡೆ ನೀರಿನ ವಿಷಯದಲ್ಲಿ ಯಾರೂ ಯಾರಿಗೂ ಪೂರ್ತಿ ನಿಜ ಹೇಳುವುದಿಲ್ಲ. ನಾನು ರಾಯಬಾಗದವಳು, ನಮ್ಮ ಮನೆಯಲ್ಲೂ ಹಾಗೇ. ಬೋರಿನಲ್ಲಿ ಎಷ್ಟು ಆಳಕ್ಕೆ ನೀರು ಸಿಕ್ಕಿತೆಂದು ಹೇಳಿದರೆ ಬದುವಿನಾಚೆಯವನು ಅದಕ್ಕಿಂತ ಕೆಳಗೆ ಕೊರೆಸುತ್ತಾನೆ ಎಂಬ ಹೆದರಿಕೆ. ಕೆಲವರು ಹೆಚ್ಚಿಸಿ ಹೇಳುತ್ತಾರೆ, ಕೆಲವರು ಇಳಿಸಿ ಹೇಳುತ್ತಾರೆ. ನನ್ನಪ್ಪ ಕೇಳಿದವರ ಮುಖ ನೋಡಿ ಎರಡನ್ನೂ ಮಾಡುತ್ತಿದ್ದರು. ಇಂಥ ಉತ್ತರಗಳನ್ನು ಕೂಡಿಸಿ ಸರಾಸರಿ ತೆಗೆದು ನಾವು ನಕಾಶೆ ಮಾಡುತ್ತಿದ್ದೆವು. ಅದಕ್ಕೇ ನಾನು ಬಾಯಿಮಾತಿನ ಆಳಕ್ಕಿಂತ ತೆರೆದ ಬಾವಿಗಳನ್ನು ನಂಬುತ್ತಿದ್ದೆ. ಬಾವಿಗೆ ಟೇಪು ಇಳಿಬಿಟ್ಟರೆ ನೀರು ತನ್ನ ಮಟ್ಟ ತಾನೇ ಹೇಳುತ್ತದೆ ಎಂದುಕೊಂಡಿದ್ದೆ.

ಕಾಗವಾಡ ತಾಲೂಕಿನಲ್ಲಿ ಐನಾಪುರ ದಾಟಿದ ಮೇಲೆ ಹೊಳೆಯ ಕರಿನೆಲ ಮುಗಿದು ಮಡ್ಡಿ ಶುರುವಾಗುತ್ತದೆ. ಏರು ನೆಲ, ತೆಳ್ಳಗಿನ ಮಣ್ಣು, ಕೆಳಗೆಲ್ಲ ಕಲ್ಲು. ಅಲ್ಲಿಂದ ಅಥಣಿಯ ಅನಂತಪುರದ ಕಡೆಗೆ ಹೋಗುವವರೆಗೂ ನಮ್ಮ ನಕಾಶೆ ಕೆಂಪಾಗಿತ್ತು. ಆ ಕೆಂಪಿನ ನಡುವೆ ಒಂದು ನೀಲಿ ಚುಕ್ಕೆ. ಒಂದೇ ಒಂದು ಬಾವಿ. ಎರಡು ಚುಕ್ಕೆಗಳ ನಡುವಿನ ಜಾಗವನ್ನು ಕಂಪ್ಯೂಟರು ತಾನೇ ಊಹಿಸಿ ಬಣ್ಣ ತುಂಬುವುದರಿಂದ, ಆ ಚುಕ್ಕೆಯ ಸುತ್ತ ನೀಲಿ ಹರಡಿ, ಮಗ್ಗುಲಿನ ಇಳಿಜಾರಿನಲ್ಲಿದ್ದ ಒಂದು ವಸ್ತಿಯನ್ನೂ ಮುಚ್ಚಿತ್ತು. ಹೊಲದಲ್ಲೇ ಕಟ್ಟಿಕೊಂಡ ಕೆಲವು ಮನೆಗಳ ವಸ್ತಿ ಅದು; ಆಡು ಕುರಿ ಸಾಕುವವರು, ತುಂಡು ಭೂಮಿಯವರು. ತಮಗೆ ಕುಡಿಯುವ ನೀರಿಗೆ ಒಂದು ಬೋರು ಬೇಕೆಂದು ಅವರು ಅರ್ಜಿ ಕೊಟ್ಟಿದ್ದರು. ಅರ್ಜಿ ನಮ್ಮ ಬಣ್ಣಕ್ಕಾಗಿ ಕಾಯುತ್ತಿತ್ತು. ನೀಲಿಯಲ್ಲಿದ್ದ ಊರುಗಳನ್ನು ಸರದಿಯ ಕೊನೆಗೆ ತಳ್ಳುತ್ತಾರೆಂದು ನನಗೆ ಗೊತ್ತಿತ್ತು.

ನನಗೆ ಆ ಚುಕ್ಕೆಯ ಮೇಲೆ ಸಂಶಯ ಬಂದದ್ದು ವಸ್ತಿಯವರ ಮೇಲಿನ ಕರುಣೆಯಿಂದಲ್ಲ. ಅದು ನೋಡಲು ಅಸಹ್ಯವಾಗಿತ್ತು, ಕೆಂಪು ಸೀರೆಯ ಮೇಲೆ ಮಸಿ ಬಿದ್ದ ಹಾಗೆ. ಅಳತೆ ತಪ್ಪಿರಬೇಕೆಂದು ನಾನೇ ನೋಡಲು ಹೊರಟೆ; ಮೊದಲು ಹೇಳಿದ ದಿನ ಅದೇ.

ಬಾವಿಯ ಯಜಮಾನರು ನಡುವಯಸ್ಸು ದಾಟಿದವರು. ದ್ರಾಕ್ಷಿ, ಕಬ್ಬು ಎರಡೂ ಇತ್ತು. ಚಾಲಕರು ಅವರನ್ನು ಕಾಕಾ ಎಂದು ಕರೆದರು, ನಾನೂ ಹಾಗೇ ಕರೆದೆ.

"ನೋಡ್ರಿ ಮೇಡಂ, ಬೇಕಾದಷ್ಟ ಅಳೀರಿ. ಚಪ್ಪಲ ಮಾತ್ರ ಅಲ್ಲೇ ಬಿಟ್ಟ ಬರ್ರಿ, ಗಂಗವ್ವ ಅದಾಳ."

ಚಪ್ಪಲಿ ಬಿಟ್ಟು ಬಗ್ಗಿ ನೋಡಿದೆ. ಬೇಸಿಗೆ ನಡುವಿಗೆ ಬಂದಿತ್ತು, ಆದರೂ ನೀರು ಕೈಗೆಟಕುವಷ್ಟು ಮೇಲಿತ್ತು. ಟೇಪು ಇಳಿಸುವ ಅಗತ್ಯವೇ ಇರಲಿಲ್ಲ. ಇಳಿಸಿದೆ. ಹಿಂದಿನ ಅಳತೆ ಸರಿಯಾಗಿತ್ತು.

"ಸುತ್ತ ಯಾರಿಗೂ ಇಲ್ಲದ ನೀರ ನಿಮಗ ಹೆಂಗ ಬಂತ ಕಾಕಾ?"

"ನಮ್ಮಜ್ಜ ಹೊಡಿಸಿದ ಬಾವಿರಿ ಇದು. ತಳದಾಗ ಸೆಲಿ ಅದಾವು. ಹಿರ್ಯಾರ ಪುಣ್ಯಾ."

ಅವರು ನಗುತ್ತ ಹೇಳಿದರು. ನಾನೂ ನಕ್ಕೆ. ನಮ್ಮಪ್ಪ ಬೋರಿನ ಆಳ ಹೇಳುವಾಗ ನಗುತ್ತಿದ್ದದ್ದು ಹೀಗೇ.

ಬಾವಿಯ ಪಕ್ಕ ಕಲ್ಲಿನ ದೋಣಿಯೊಂದಿತ್ತು, ದನಗಳು ನೀರು ಕುಡಿಯುವಂಥದು. ಅಲ್ಲಿ ಆಡುಗಳು ಮುಖ ಹಾಕಿ ನಿಂತಿದ್ದವು. ಅವುಗಳ ಹಿಂದೆ ಕೋಲು ಹಿಡಿದ ಒಬ್ಬ ಮುದುಕಿ, ಕೊಡ ಕಂಕುಳಲ್ಲಿ. ವಸ್ತಿಯವಳು. ಆಕೆ ನನ್ನನ್ನಲ್ಲ, ನನ್ನ ಟೇಪನ್ನು ನೋಡುತ್ತಿದ್ದಳು.

"ಏ ತಂಗಿ, ನಮ್ಮ ಬೋರಿಂದ ಏನ್ ಆತು?"

"ಅದಕ್ಕ ಬಂದೇನಿ ಆಯಿ."

"ಮದಲ ಬಂದಾವ್ರೂ ಹಂಗ ಅಂದ್ರು. ಫೋಟೋ ಹೊಡ್ಕೊಂಡ ಹೋದ್ರು. ಫೋಟೋದಾಗ ಆಡ ಬಂದಾವು, ನಾ ಬಂದಿಲ್ಲ."

ಚಾಲಕರು ಜೀಪಿನಿಂದಲೇ ಕೂಗಿದರು, "ಆಡ ಚಂದ ಅದಾವ ಬೇ ಆಯಿ, ಅದಕ್ಕ!"

"ನಿನ್ನ ಜೀಪಿಗಿಂತ ಚಂದ ಅದಾವಪಾ. ದೂಡಲಿಲ್ಲಂದ್ರೂ ನಡೀತಾವು."

ಕಾಕಾ ಕೂಡ ನಕ್ಕರು. ಆದರೆ ಆಕೆ ಅವರ ಮುಂದೆ ನೇರ ನಿಲ್ಲಲಿಲ್ಲ, ತಲೆಯ ಮೇಲಿನ ಸೆರಗು ಎಳೆದುಕೊಂಡು ದೋಣಿಯ ಆಚೆ ಬದಿಗೆ ಸರಿದಳು. ಕೊಡ ತುಂಬುವ ಮುಂಚೆ ಅವರ ಕಡೆ ಒಮ್ಮೆ ನೋಡಿದಳು. ಅವರು ತಲೆ ಆಡಿಸಿದರು. ಆಮೇಲೆ ತುಂಬಿದಳು. ಇದು ನನ್ನ ಕಣ್ಣಿಗೆ ಬಿದ್ದದ್ದೋ, ಆಮೇಲೆ ಆಕೆ ಹೇಳಿದ ಮಾತಿನಿಂದ ನಾನು ಹಿಂದಕ್ಕೆ ಹೋಗಿ ಕಟ್ಟಿಕೊಂಡದ್ದೋ? ಹೇಳಿದ ಮಾತಂತೂ ನೆನಪಿದೆ. ಜೀಪಿನ ತನಕ ನನ್ನ ಜೊತೆ ನಡೆದು ಬಂದು ಸಣ್ಣ ದನಿಯಲ್ಲಿ ಹೇಳಿದಳು:

"ನೀರ ಕೊಡ್ತಾನವ್ವಾ, ಇಲ್ಲನ್ನಂಗಿಲ್ಲ. ಆದ್ರ ದಿನಾ ಅವನ ಮಾರಿ ನೋಡಬೇಕಲ್ಲ."

ಹೊರಡುವ ಮುಂಚೆ ಒಂದು ಸೀಸೆ ನೀರು ತುಂಬಿಕೊಂಡೆ. ನೀರಿನ ಉಪ್ಪು ಅಳೆಯುವ ಪೆನ್ನಿನಂಥ ಸಾಧನವೊಂದು ನನ್ನ ಚೀಲದಲ್ಲಿರುತ್ತದೆ. ಈ ಭಾಗದ ನೆಲದ ನೀರೆಲ್ಲ ಸವಳು; ಕುಡಿದರೆ ನಾಲಿಗೆಗೆ ಅಂಟುತ್ತದೆ, ಪಾತ್ರೆಯ ತಳದಲ್ಲಿ ಬಿಳಿ ಪದರ ಬಿಡುತ್ತದೆ. ಸಾಧನವನ್ನು ಸೀಸೆಯೊಳಗೆ ಇಳಿಸಿದೆ. ಅಂಕಿ ಮೇಲೇರಲೇ ಇಲ್ಲ. ಕೆಟ್ಟಿದೆಯೆಂದು ಜಾಡಿಸಿ, ಮತ್ತೆ ಇಳಿಸಿದೆ. ಆ ನೀರಿನಲ್ಲಿ ನೆಲದ ರುಚಿಯೇ ಇರಲಿಲ್ಲ. ದಾರಿಯಲ್ಲಿ ಐನಾಪುರದ ಹತ್ತಿರ ಹೊಳೆಗೆ ಇಳಿದು ಅಲ್ಲಿನ ನೀರಿಗೂ ಅದ್ದಿ ನೋಡಿದೆ. ಎರಡೂ ಹೆಚ್ಚುಕಡಿಮೆ ಒಂದೇ.

ಚಾಲಕರು ದಡದ ಮೇಲೆ ನಿಂತು ನೋಡುತ್ತಿದ್ದರು. "ಕಾಯ್ ಝಾಲಂ ಮೇಡಂ, ಏನಾತು?"

"ಕಾಕಾನ ಸೆಲಿ ಇಲ್ಲಿ ಅದಾವು."

ಅವರಿಗೆ ಆಶ್ಚರ್ಯವಾಗಲಿಲ್ಲ. ಮಡ್ಡಿಯತ್ತ ಕೈ ತೋರಿಸಿ, "ಪೈಪಲೈನ ರೀ. ನೆಲದಾಗ ಹೂತಿರ್ತಾರ. ಬಾವಿಗಿ ಬಿಟ್ಕೊಂಡ ಆಮ್ಯಾಲ ತ್ವಾಟಕ್ಕ ಎತ್ತತಾರ," ಎಂದರು.

"ನಿಮಗ ಗೊತ್ತಿತ್ತು?"

"ಎಲ್ಲಾರಿಗೂ ಗೊತ್ತಿರತೈತಿ. ನೀವ ಕೇಳಲಿಲ್ಲ."

ನನ್ನ ತಾಲೂಕಿನಲ್ಲೂ ಹೀಗೆ ಮಾಡುತ್ತಾರೆಂದು ನನಗೆ ಗೊತ್ತಿತ್ತು. ಹೊಳೆಯಿಂದ ಮೈಲಿಗಟ್ಟಲೆ ಕೊಳವೆ ಹಾಕಿ, ಸರದಿಯ ಮೇಲೆ ನೀರು ತಂದು, ಕರೆಂಟು ಇದ್ದಾಗ ಹಳೆಯ ಬಾವಿಗೆ ತುಂಬಿಕೊಂಡು, ಬೇಕಾದಾಗ ಎತ್ತುವುದು. ಗೊತ್ತಿದ್ದೂ ಬಾವಿಯೊಳಗೆ ಕಂಡ ನೀರನ್ನು ಬಾವಿಯದೇ ಎಂದು ಬರೆದುಕೊಂಡು ಬಂದಿದ್ದೆವು. ಹೊಳೆಯನ್ನು ನೆಲದ ಲೆಕ್ಕಕ್ಕೆ ಸೇರಿಸಿದ್ದೆವು. ಅಂದು ಸಂಜೆ ನಕಾಶೆ ತೆರೆದಾಗ ಶಿರಗುಪ್ಪಿಯ ಕಬ್ಬಿನ ಸೀಮೆಯ ಒಂದೊಂದು ನೀಲಿ ಚುಕ್ಕೆಯೂ ನನ್ನನ್ನು ನೋಡಿ ಕಾಕಾನ ಹಾಗೆ ನಕ್ಕಂತಾಯಿತು. ರಾಜ್ಯದ ಗಡಿಯ ಆಚೆ, ನಮ್ಮ ನಕಾಶೆ ನಿಲ್ಲುವಲ್ಲಿ, ಬರೀ ಬಿಳಿ. ಅದೊಂದೇ ಪ್ರಾಮಾಣಿಕವಾಗಿ ಕಂಡಿತು.

ಮರುದಿನವೋ ಅದರ ಮರುದಿನವೋ ಕಾಕಾನ ಮುಂದೆ ನಿಂತು ನೇರ ಕೇಳಿದೆ. ಅವರು ದ್ರಾಕ್ಷಿಯ ಚಪ್ಪರದ ಕೆಳಗಿದ್ದರು. ಮೊದಲು ಕೇಳಿಸಲಿಲ್ಲವೆನ್ನುವಂತೆ ಕತ್ತರಿ ಆಡಿಸಿದರು. ಆಮೇಲೆ ಕತ್ತರಿಯನ್ನು ತಂತಿಗೆ ತೂಗಹಾಕಿ ಹೊರಗೆ ಬಂದರು.

"ಹೌದ್ರಿ, ಹೊಳಿ ನೀರ. ಏನೀಗ? ಈ ಕಡೆ ಯಾರ ಬಾವ್ಯಾಗ ಹೊಳಿ ಇಲ್ಲ ಹೇಳ್ರಿ."

"ಸೆಲಿ ಅದಾವು ಅಂದ್ರಿ."

"ನೀವ ಯಾರಂತ ನನಗೇನ ಗೊತ್ತ? ಟೇಪ ಹಿಡ್ಕೊಂಡ ಬಂದಾವ್ರಿಗೆಲ್ಲ ಖರೇ ಹೇಳಿದ್ರ ನಾ ಇಲ್ಲಿ ಇರತಿದ್ನಿ?" ಆಮೇಲೆ ದನಿ ಇಳಿಸಿದರು. "ಬ್ಯಾಸಗ್ಯಾಗ ಹೊಳಿ ನೀರ ಎತ್ತಬ್ಯಾಡ ಅಂದಾರ. ನೀವ ಬರದ್ರ ನಾಳೆ ಬಂದ ಕರೆಂಟ ತಗೀತಾರ. ನನ್ನ ದ್ರಾಕ್ಷಿ ಹೋಗಲಿ ಬಿಡ್ರಿ. ಆ ವಸ್ತಿ ಆಡ ಎಲ್ಲಿ ನೀರ ಕುಡೀಬೇಕು? ನಿಮ್ಮ ನಕಾಶಿದಾಗ?"

ಇಲ್ಲಿ ನಾನು ಏನೋ ಒಳ್ಳೆಯ ಉತ್ತರ ಕೊಟ್ಟೆ ಎಂದು ನೆನಪು ಹೇಳುತ್ತದೆ. ಅದನ್ನು ಬರೆಯುವುದಿಲ್ಲ. ಆ ಉತ್ತರ ಎಷ್ಟು ಚೆನ್ನಾಗಿದೆಯೆಂದರೆ, ಅದು ಆಮೇಲೆ ಮನೆಗೆ ಹೋಗುವ ಬಸ್ಸಿನಲ್ಲಿ ಹೊಳೆದದ್ದೇ ಇರಬೇಕು. ಅವರ ಮುಂದೆ ನಾನು ಬಹುಶಃ ಟೇಪು ಸುತ್ತಿಕೊಂಡು ಹೊರಟೆ.

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ನನಗೆ ಕಸಿವಿಸಿಯಾದದ್ದು ಅದಕ್ಕೇ. ಚುಕ್ಕೆಯನ್ನು ಹಾಗೇ ಬಿಟ್ಟರೆ ವಸ್ತಿ ನೀಲಿಯ ಕೆಳಗೆ ಉಳಿಯುತ್ತದೆ, ಬೋರು ಸಿಗುವುದಿಲ್ಲ. ಕೊಳವೆಯ ಸುದ್ದಿ ಬರೆದರೆ ದೋಣಿಗೆ ನೀರು ನಿಲ್ಲುತ್ತದೆ, ಬೋರು ಬರುವತನಕ ಆಡುಗಳು ಏನು ಮಾಡಬೇಕು? ಎರಡು ಕಡೆಯಿಂದಲೂ ಕೊಡ ಖಾಲಿಯಾಗುವುದು ಆ ಮುದುಕಿಯದೇ.

ನಾನು ಮಾಡಿದ್ದು ಇಷ್ಟು. ಇಳಿಜಾರಿನ ಕೆಳಗೆ ವಸ್ತಿಯವರದೇ ಒಂದು ಹಳೆಯ ಬಾವಿ ಇತ್ತು, ಮುಳ್ಳುಕಂಟಿ ಮುಚ್ಚಿ ಬಿಟ್ಟದ್ದು. ಕಂಟಿ ಸರಿಸಿ ಅದಕ್ಕೆ ಟೇಪು ಬಿಟ್ಟೆ. ತಳದ ಕಲ್ಲಿಗೆ ಬಡಿದು ಟಣ್ಣೆಂದಿತು. ಕಾಕಾನ ಬಾವಿಗೆ 'ಹೊರಗಿನ ನೀರು ಬೆರೆತಿದೆ, ಲೆಕ್ಕಕ್ಕೆ ಹಿಡಿಯುವಂತಿಲ್ಲ' ಎಂದು ಬರೆದು, ಆ ಜಾಗದಲ್ಲಿ ಈ ಒಣ ಬಾವಿಯನ್ನು ಸೇರಿಸಿದೆ. ಹೊರಗಿನ ನೀರು ಎಲ್ಲಿಯದು, ಯಾರು ತಂದರು ಎಂದು ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೇ? ಗೊತ್ತಿಲ್ಲ. ನೀಲಿ ಮಾಯವಾಗಿ ಮಡ್ಡಿ ಪೂರ್ತಿ ಕೆಂಪಾಯಿತು.

ಕೆಲವು ದಿನಗಳಲ್ಲಿ ದೋಣಿ ಒಣಗಿತು.

ಇದನ್ನು ನನಗೆ ಹೇಳಿದವಳು ಆಯಿಯೇ. ವಸ್ತಿಯ ಯಾರದೋ ಫೋನಿನಿಂದ ಮಾಡಿಸಿದ್ದಳು. ಹಿಂದೆ ಆಡುಗಳ ಕೂಗು ಕೇಳುತ್ತಿತ್ತು.

"ಏನ್ ಬರದ ಹೋದ್ಯವ್ವಾ ನೀ? ಕಾಕಾ ನನ್ನ ಮ್ಯಾಲ ಸಿಟ್ಟಾಗ್ಯಾನ. ನೀನ ಚಾಡಿ ಹೇಳೀದಿ ಅಂತ ನನಗ ಅಂತಾನ. ನಾ ಏನ್ ಹೇಳೇನಿ? ಅವನ ಬಾವ್ಯಾಗ ಹೊಳಿ ಐತೋ ಆಕಾಶ ಐತೋ ನಂಗೇನ ಗೊತ್ತ?"

"ಕಾಕಾನ ಹೆಸರ ಬರದಿಲ್ಲ ಆಯಿ."

"ಹಂಗಿದ್ರ ದೋಣಿಗಿ ನೀರ ಯಾಕ ಬಿಡವಲ್ಲ?"

ನನಗೆ ಇಂದಿಗೂ ಗೊತ್ತಿಲ್ಲ. ಆ ವಾರವೇ ಹೊಳೆದಂಡೆಯ ಪಂಪುಗಳಿಗೆಲ್ಲ ಕರೆಂಟು ನಿಲ್ಲಿಸಿದ್ದರು. ಕಾಕಾನ ಬಾವಿಯೂ ಖಾಲಿಯಾಗಿದ್ದಿರಬಹುದು, ಅಥವಾ ಸಿಟ್ಟಿನಿಂದ ನಿಲ್ಲಿಸಿದ್ದಿರಬಹುದು. ಚಾಲಕರು ಸಿಟ್ಟು ಎನ್ನುತ್ತಾರೆ. ನಾನು ಕರೆಂಟು ಎನ್ನುತ್ತೇನೆ, ಯಾಕೆಂದರೆ ಕರೆಂಟು ಎಂದರೆ ನನಗೆ ನಿದ್ದೆ ಬರುತ್ತದೆ.

ವಸ್ತಿಗೆ ಟ್ಯಾಂಕರು ಬರತೊಡಗಿತು, ತನಗೆ ಬೇಕಾದಾಗ. ಆಯಿ ಕೆಲವು ಆಡುಗಳನ್ನು ಹೊಳೆಯ ಕಡೆಯ ಮಗಳ ಮನೆಗೆ ಹೊಡೆದುಕೊಂಡು ಹೋದಳೆಂದು ಕೇಳಿದೆ. ಮಳೆಗಾಲ ಮುಗಿದ ಮೇಲೆ ಬೋರು ಕೊರೆಯುವ ಲಾರಿ ಬಂತು. ಕೆಂಪು ಬಣ್ಣ ತನ್ನ ಕೆಲಸ ಮಾಡಿತ್ತು.

ಅವತ್ತು ನಾನೂ ಅಲ್ಲಿದ್ದೆ. ಇದರಲ್ಲಿ ಚಾಲಕರಿಗೂ ನನಗೂ ಜಗಳವಿಲ್ಲ. ಮೊದಲು ಬಿಳಿ ಧೂಳು ಎದ್ದಿತು. ಬಹಳ ಹೊತ್ತು ಬರೀ ಧೂಳು. ವಸ್ತಿಯವರೆಲ್ಲ ಬೆಳ್ಳಗಾಗಿ ನಿಂತರು. ಆಮೇಲೆ ಧೂಳು ಕಂದಾಯಿತು, ಒದ್ದೆಯಾಯಿತು, ನೀರು ಚಿಮ್ಮಿತು. ನನ್ನ ನಕಾಶೆ ಅಲ್ಲಿ ನೀರಿಲ್ಲವೆಂದು ಹೇಳಿದ್ದರಿಂದಲೇ ಬೋರು ಬಂದಿತ್ತು. ನೀರು ಬಂದು ನಕಾಶೆ ಸುಳ್ಳಾಯಿತು. ಯಾರಿಗೂ ಅದರಿಂದ ಬೇಸರವಾಗಲಿಲ್ಲ. ಯಾರೋ ಅರಿಶಿನ ಕುಂಕುಮ ತಂದರು. ಆಯಿ ಬೊಗಸೆಯಲ್ಲಿ ಹಿಡಿದು ಕುಡಿದು, "ಸಿಹಿ ಐತಿ!" ಎಂದು ಕೂಗಿದಳು.

ನಾನು ಬಿಟ್ಟರೆ ಅಲ್ಲಿದ್ದವರೆಲ್ಲ ಆ ಮಾತಿಗೆ ಖುಷಿಪಟ್ಟರು. ಈ ಕಲ್ಲಿನೊಳಗಿಂದ ಸಿಹಿ ನೀರು? ಗದ್ದಲ ಇಳಿದ ಮೇಲೆ, ಯಾರೂ ನೋಡದಂತೆ, ಲೋಟಕ್ಕೆ ನನ್ನ ಸಾಧನ ಅದ್ದಿದೆ. ಹೊಳೆಯಷ್ಟು ಕಡಿಮೆಯಲ್ಲ, ಆದರೆ ಸವಳಿನ ಹತ್ತಿರವೂ ಇಲ್ಲ.

ತಲೆಯೆತ್ತಿದರೆ ಕಾಕಾ ಬದುವಿನ ಮೇಲೆ ನಿಂತಿದ್ದರು. ನನ್ನ ಕೈಯಲ್ಲಿದ್ದದ್ದನ್ನು ನೋಡಿದ್ದರು.

"ನಮ್ಮಜ್ಜನ ಬಾವಿ ಸೋರತೈತ್ರಿ ಮೇಡಂ," ಎಂದರು. "ತುಂಬಿದ್ದರಾಗ ಸ್ವಲ್ಪ ನೆಲಾನೂ ಕುಡೀತೈತಿ. ಹತ್ತಾರ ವರ್ಷದಿಂದ ಕುಡದೈತಿ. ಬರಕೋರಿ, ಇದನ್ನೂ ಬರಕೋರಿ."

ಅವರು ಗೆದ್ದವರಂತೆ ಹೇಳಿದರೋ, ಬೇಸರದಿಂದ ಹೇಳಿದರೋ, ಆ ಮುಖ ಈಗ ನನಗೆ ಎರಡು ಥರವೂ ಕಾಣುತ್ತದೆ.

ಮುಂದಿನ ಬೇಸಿಗೆಯಲ್ಲಿ ಮತ್ತೆ ಅಳತೆಯ ಸುತ್ತು ಬಂತು. ಈಗ ವಸ್ತಿಯ ಬೋರೂ ನಮ್ಮ ಚುಕ್ಕೆಗಳಲ್ಲಿ ಒಂದಾಗಿತ್ತು. ನಾನು ಹಟ ಹಿಡಿದು ಮತ್ತೆ ಮತ್ತೆ ಹೋಗಿ ಅಳೆದೆ. ಕಾಕಾನ ಬಾವಿಗೆ ಹೊಳೆ ಬಿದ್ದ ಕೆಲವು ದಿನಗಳಿಗೆ ಬೋರಿನ ಮಟ್ಟ ಏರುತ್ತಿತ್ತು. ಹೊಳೆ ನಿಂತರೆ ಇಳಿಯುತ್ತಿತ್ತು. ಚಿಕ್ಕೋಡಿಯ ಕೋಣೆಯಲ್ಲಿ ಕೂತು ಆ ಏರಿಳಿತ ನೋಡುವಾಗ, ತೆಗೆಯಲಾಗದೆ ಬಿಟ್ಟಿದ್ದ ಆ ಉಬ್ಬರವಿಳಿತದ ಸಾಲಿಗೆ ಒಂದು ಜಾಗ ಸಿಕ್ಕಿತಲ್ಲ ಎಂದು ನಗು ಬಂತು, ಆಮೇಲೆ ಬರಲಿಲ್ಲ. ಏಕೆಂದರೆ ಈಗ ಆ ಚುಕ್ಕೆಗೆ ಬಣ್ಣ ಹಚ್ಚಬೇಕಿತ್ತು. ನೀಲಿ ಹಚ್ಚಿದರೆ ಮುಂದಿನ ಬರಗಾಲದಲ್ಲಿ ವಸ್ತಿಗೆ ಟ್ಯಾಂಕರು ಸಿಗುವುದಿಲ್ಲ. ಕೆಂಪು ಹಚ್ಚಿದರೆ ಎದುರಿಗೆ ಚಿಮ್ಮುವ ನೀರನ್ನು ಇಲ್ಲವೆಂದಂತೆ. 'ಹೊರಗಿನ ನೀರು' ಎಂದು ಬರೆದರೆ ಈ ಸಲ ಯಾರಾದರೂ ಕೇಳಿಯಾರು, ಎಲ್ಲಿಯ ನೀರೆಂದು.

ಕೊನೆಯ ಸಲ ಹೋದಾಗ ಆಯಿ ನಲ್ಲಿಯ ಮುಂದೆ ಕೂತಿದ್ದಳು. ಪಂಪು ಓಡುತ್ತಿತ್ತು. ಆಡುಗಳು ಹೊಸ ಸಿಮೆಂಟಿನ ತೊಟ್ಟಿಗೆ ಮುಖ ಹಾಕಿದ್ದವು. ಮಗಳ ಮನೆಗೆ ಹೋದವೂ ಮರಳಿದ್ದವೆಂದು ಕಾಣುತ್ತದೆ. ಮೇಲೆ ಕಾಕಾ ತಮ್ಮ ಬಾವಿಯ ಕಟ್ಟೆಯ ಮೇಲೆ ನಿಂತಿದ್ದರು. ಆಕೆ ಕೂತಲ್ಲಿಂದಲೇ ಗಟ್ಟಿಯಾಗಿ ಕೂಗಿದಳು:

"ಏ ಕಾಕಾ, ಇವತ್ತ ಹೊಳಿ ಬಿಟ್ಟಿಯೋ ಇಲ್ಲೋ?"

"ಬಿಟ್ಟೇನಿ ಬೇ! ಕುಡಿ, ಹೊಟ್ಟಿ ತುಂಬ ಕುಡಿ!"

ಆಕೆ ಸೆರಗು ಎಳೆದುಕೊಳ್ಳಲಿಲ್ಲ. ಅಪ್ಪಣೆಗಾಗಿ ಅವರ ಮಾರಿಯನ್ನೂ ನೋಡಲಿಲ್ಲ.

"ಆಯಿ, ಪಂಪ ಬಂದ್ ಮಾಡಬೇಕು," ಎಂದೆ. "ನೀರ ತನ್ನ ಮಟ್ಟಕ್ಕ ಬಂದ ನಿಂತ ಮ್ಯಾಲ ಅಳೀಬೇಕು."

"ಇದು ನಮ್ಮ ನೀರ ಹೌದಲ್ಲ ತಂಗಿ?"

ನಾನು "ಹೌದು" ಎಂದೆನೆಂದು ನನ್ನ ನೆನಪು. ಚಾಲಕರು ಹೇಳುವುದು ಬೇರೆ: ನಾನು ಟೇಪು ಬಿಚ್ಚುತ್ತ ಏನೂ ಹೇಳಲಿಲ್ಲವಂತೆ, ಆಕೆಯೂ ಉತ್ತರಕ್ಕೆ ಕಾಯಲಿಲ್ಲವಂತೆ. ಕೇಳಿ ಮುಗಿಸುವ ಮುಂಚೆಯೇ ಕೊಡ ತುಂಬಿ ಬದಿಗಿಟ್ಟು ಇನ್ನೊಂದನ್ನು ನಲ್ಲಿಗೆ ಒಡ್ಡಿದಳಂತೆ.

"ಇದೊಂದ ತುಂಬಲಿ ತಡಿ," ಎಂದಳು. ಇದು ಇಬ್ಬರಿಗೂ ನೆನಪಿದೆ. ಅದು ತುಂಬಿತು. ಆಕೆ ಮತ್ತೊಂದು ಒಡ್ಡಿದಳು. ನಾನು ಟೇಪು ಹಿಡಿದು ತೊಟ್ಟಿಯ ಅಂಚಿನ ಮೇಲೆ ಕೂತೆ. ಹಿಂದೆ ಇನ್ನೂ ಕೊಡಗಳು ಸಾಲಾಗಿ ಬರುತ್ತಿದ್ದವು, ಪಂಪು ನಿಲ್ಲಲಿಲ್ಲ. ಹಿಂದೆ ಅಳೆದ ಅಂಕಿಗಳನ್ನು ನಾನು ತುಂಬಲಿಲ್ಲ; ಆ ಸುತ್ತಿನಲ್ಲಿ ವಸ್ತಿಯ ಬೋರಿನ ಎದುರು ಅಳತೆಯ ಜಾಗ ಖಾಲಿ ಹೋಯಿತು. ಅಳತೆಯಿಲ್ಲದ ಚುಕ್ಕೆಗೆ ಕಂಪ್ಯೂಟರು ಬಣ್ಣ ಹಚ್ಚುವುದಿಲ್ಲ; ನಕಾಶೆಯಲ್ಲಿ ಅಲ್ಲೊಂದು ಸಣ್ಣ ಬಿಳಿ ಇದೆ, ಗಡಿಯಾಚೆಯ ಬಿಳಿಯಂಥದೇ. ಮೇಲಿನವರು ಯಾಕೆಂದು ಕೇಳಿ ಬರೆದಿದ್ದಾರೆ. ಪಂಪು ಓಡುತ್ತಿತ್ತು ಎಂದು ಉತ್ತರ ಕಳಿಸಿದ್ದೇನೆ.